ಸಣ್ಣ ನುಡಿಯ ಅಳಿವೂ ನೆರೆಯವರ ಧರ್ಮವೂ

ಕೊಪ್ಪಳದ ಗವಿಮಠದ ಗುಡ್ಡದಲ್ಲಿಯೂ ಪಾಲ್ಕಿಗುಂಡಿನಲ್ಲಿಯೂ ಅಶೋಕ ಚಕ್ರವರ್ತಿಯ ಶಾಸನಗಳಿರುವದನ್ನು ನಮ್ಮ ವಾಚಕರೆಲ್ಲರೂ ಬಲ್ಲರು. ಇಪ್ಪತ್ತೆರಡು ಶತಮಾನಗಳಿಗೂ ಹಿಂದಿನ ಆ ಬರಹದ ಲಿಪಿಯು ಬ್ರಾಹ್ಮಿ, ಭಾಷೆಯು ಪ್ರಾಕೃತ. ಆ ಭಾಷೆಯಲ್ಲಿ ಒಂದು ತಂಬಿಗೆ ನೀರು ಬೇಡುವವನಾಗಲಿ, ಬೇಡಿದ್ದನ್ನು ತಿಳಿದು ಕೊಡುವವನಾಗಲಿ ಇಂದು ಯಾವ ಮನೆಯಲ್ಲಿಯೂ ಇಲ್ಲ. ಗಂಗಾವತಿಯ ಸಮೀಪದ ಹಿರೇಬೆಣಕಲ್ಲಿನಲ್ಲಿ, ಜನರು ಮೋರ್ಯರ ಗುಡ್ಡವೆಂದು ಕರೆಯುವ ಬೆಟ್ಟದ ಮೇಲೆ, ಸುಮಾರು ನಾನೂರು ಶಿಲಾಸಮಾಧಿಗಳು ನಿಂತಿವೆ. ಅಷ್ಟು ದೊಡ್ಡ ಚಪ್ಪಡಿಗಳನ್ನು ಎಬ್ಬಿಸಿ ನಿಲ್ಲಿಸುವಾಗ ಆ ಜನರು ಒಬ್ಬರಿಗೊಬ್ಬರು ಕೂಗಿ ಹೇಳಿಕೊಂಡಿರಬೇಕಷ್ಟೆ; ಆ ಕೂಗಿನ ಒಂದು ಅಕ್ಷರವೂ ನಮ್ಮ ಪಾಲಿಗೆ ಉಳಿದಿಲ್ಲ. ಇತ್ತ, ಒಂಬತ್ತನೆಯ ಶತಮಾನದ ಕವಿರಾಜಮಾರ್ಗವು ಕನ್ನಡದ ತಿರುಳಿನ ಸೀಮೆಯನ್ನು ಗುರುತಿಸುವಾಗ ಕಿಸುವೊಳಲು, ಪುಲಿಗೆರೆ, ಒಂಕುಂದಗಳ ಜೊತೆಗೆ ನಮ್ಮ ಕೊಪಣ ನಗರವನ್ನು ಹೆಸರಿಸಿದೆ. ಆ ಕನ್ನಡವು ಇಂದಿಗೂ ನಮ್ಮ ಬಾಯಲ್ಲಿ ಇರುವದು.

ಹೀಗೆ ಒಂದೇ ಜಿಲ್ಲೆಯ ಎಲ್ಲೆಯೊಳಗೆ ನುಡಿಗಳ ಮೂರು ಗತಿಗಳನ್ನು ಕಾಣುತ್ತೇವೆ. ಒಂದು ಕಲ್ಲಿನಲ್ಲಿ ಮಾತ್ರ ಉಳಿಯಿತು, ಒಂದು ಕಲ್ಲಿನಲ್ಲಿಯೂ ಉಳಿಯಲಿಲ್ಲ, ಒಂದು ಜನರಲ್ಲಿ ಉಳಿಯಿತು. ಹಳೆಯ ಕಾಲದ ಈ ಲೆಕ್ಕಕ್ಕೆ ಇಂದು ಯಾರನ್ನೂ ಹೊಣೆ ಮಾಡುವಂತಿಲ್ಲ. ಆದರೆ ನಮ್ಮ ಕಣ್ಣೆದುರಿಗೆ, ನಮ್ಮ ನಾಡಿನಲ್ಲಿಯೇ, ಒಂದು ಸಣ್ಣ ನುಡಿಯು ಅಳಿಯುತ್ತಿದ್ದರೆ ಅದನ್ನು ಬರಿಯ ದುಃಖವೆನ್ನಬೇಕೋ, ದೋಷವೆನ್ನಬೇಕೋ? ದೋಷವಾದರೆ ಅದು ಯಾರದು? ಇದೇ ಈ ಲೇಖನದ ವಿಚಾರವು.

ನುಡಿಗಳ ಅಳಿವು ಪ್ರಕೃತಿಯ ನಿಯಮವೆಂದು ಅನೇಕರು ಹೇಳುವರು. ಹುಟ್ಟಿದ್ದು ಸಾಯಲೇಬೇಕು, ನುಡಿಯೂ ಅದಕ್ಕೆ ಹೊರತಲ್ಲ ಎಂದು ಅವರ ವಾದ. ಈ ಮಾತಿನಲ್ಲಿ ಎರಡು ಬೇರೆ ಸಂಗತಿಗಳನ್ನು ಒಂದೇ ಗಂಟಿನಲ್ಲಿ ಕಟ್ಟಿದಂತಾಗಿದೆ. ಅಶೋಕನ ಪ್ರಾಕೃತವು ಹೋಯಿತು ನಿಜ. ಆದರೆ ಅದರ ಬಳಗದ ಪ್ರಾಕೃತಗಳು ತಲೆಮಾರಿನಿಂದ ತಲೆಮಾರಿಗೆ ಮಾರ್ಪಡುತ್ತ ಮರಾಠಿ, ಹಿಂದಿ, ಬಂಗಾಳಿಗಳಾದವು. ಆ ಧಾರೆಯಲ್ಲಿ ಯಾವ ತಾಯಿಯೂ ತನ್ನ ಮಗುವಿಗೆ ತಿಳಿಯದ ಮಾತನ್ನು ಆಡಲಿಲ್ಲ. ಹಳಗನ್ನಡವು ಹೊಸಗನ್ನಡವಾದದ್ದೂ ಹೀಗೆಯೇ. ಹೂವು ಕಾಯಾಗುವದಕ್ಕೂ ಗಿಡವನ್ನು ಬೇರುಸಹಿತ ಕೀಳುವದಕ್ಕೂ ಇರುವ ಅಂತರವನ್ನು ಒಕ್ಕಲಿಗನಿಗೆ ಹೇಳಿಕೊಡಬೇಕಾಗಿಲ್ಲ. ನುಡಿಗೆ ಮುಪ್ಪೆಂಬದಿಲ್ಲ. ಹಳತಾದುದರಿಂದಲೇ ಆಡಲು ಬಾರದೆ ಹೋದ ಭಾಷೆಯು ಯಾವದೂ ಇಲ್ಲ. ನುಡಿಯು ಬಿಡಲ್ಪಡುವದು, ಬಿಟ್ಟವರಿಗೆ ಬಿಡುವದಕ್ಕೆ ಕಾರಣವಿರುವದು, ಆ ಕಾರಣವನ್ನು ವಿಚಾರಿಸಬಹುದು.

ಆ ಕಾರಣವನ್ನು ಹತ್ತಿರದಿಂದ ಕಂಡು ಬರೆದ ಒಂದು ಉದಾಹರಣೆಯು ದೂರದ ಪಪುವಾ ನ್ಯೂಗಿನಿಯಿಂದ ದೊರೆಯುತ್ತದೆ. ಆ ದೇಶದಲ್ಲಿ ಎಂಟುನೂರಕ್ಕೂ ಹೆಚ್ಚು ಭಾಷೆಗಳುಂಟು. ಅವುಗಳಲ್ಲಿ ಎಷ್ಟೋ ಭಾಷೆಗಳು ಒಂದೆರಡು ಊರುಗಳಿಗಷ್ಟೇ ಸೇರಿದವು. ಅಂಥದೊಂದು ಗಾಪುನ್ ಎಂಬ ಹಳ್ಳಿಯ ತಾಯಾಪ್ ನುಡಿ. ಅದಕ್ಕೆ ಒಡಹುಟ್ಟೆನ್ನಬಹುದಾದ ಬೇರೊಂದು ಭಾಷೆಯು ಗೊತ್ತಾಗಿಲ್ಲ. 1980ರ ದಶಕದಲ್ಲಿ ಡಾನ್ ಕುಲಿಕ್ ಎಂಬ ಮಾನವಶಾಸ್ತ್ರಜ್ಞರು ಅಲ್ಲಿ ನೆಲಸಿ ನೋಡಿದಾಗ ಅದನ್ನಾಡುವವರು ನೂರಕ್ಕಿಂತ ಕಡಿಮೆಯಾಗಿದ್ದರು. ಹತ್ತು ವರುಷದೊಳಗಿನ ಮಕ್ಕಳು ಅದನ್ನು ಆಡುತ್ತಲೇ ಇರಲಿಲ್ಲ. ಯಾವ ಸರಕಾರವೂ ಅದನ್ನು ನಿಷೇಧಿಸಿರಲಿಲ್ಲ. ಹಿರಿಯರು ತಮ್ಮ ನುಡಿಯನ್ನು ಮೆಚ್ಚುತ್ತಲೇ ಇದ್ದರು. ಮಕ್ಕಳಿಗೇ ಅದು ಬೇಡವಾಗಿದೆಯೆಂದು ಗೊಣಗುತ್ತಿದ್ದರು. ಆದರೆ ಅದೇ ಹಿರಿಯರು ಮಗುವನ್ನು ಕರೆಯುವಾಗ, ಗದರಿಸುವಾಗ, ರಮಿಸುವಾಗ ತಾವರಿಯದೆಯೇ ಟೋಕ್ ಪಿಸಿನ್ ಎಂಬ ದೇಶಭಾಷೆಗೆ ಹೊರಳುತ್ತಿದ್ದರು. ಚರ್ಚು, ಹಣ, ಹೊರಜಗತ್ತು ಇವೆಲ್ಲ ಆ ಭಾಷೆಯ ಪಾಲಿಗೆ ಬಂದಿದ್ದವು. ಹಟಮಾರಿತನವೂ ಹಿಂದುಳಿಕೆಯೂ ತಾಯಾಪಿನ ಪಾಲಿಗೆ ಬಂದಿದ್ದವು. ನುಡಿಯು ಮೊದಲು ಮಾನವನ್ನು ಕಳೆದುಕೊಳ್ಳುವದು, ಆಮೇಲೆ ಪ್ರಾಣವನ್ನು. ಈ ಎರಡನೆಯ ಸಾವನ್ನು ಎಲ್ಲರೂ ಎಣಿಸುವರು, ಮೊದಲನೆಯದನ್ನು ಎಣಿಸುವವರು ಕಡಿಮೆ.

ಇನ್ನು ನಮ್ಮ ನಾಡಿಗೆ ಬರೋಣ. ಉಡುಪಿ, ದಕ್ಷಿಣ ಕನ್ನಡ, ಕಾಸರಗೋಡುಗಳ ಕರಾವಳಿಯಲ್ಲಿ ಕೊರಗರೆಂಬ ಜನರಿದ್ದಾರೆ. 2011ರ ಜನಗಣತಿಯಲ್ಲಿ ಕರ್ನಾಟಕ ಕೇರಳಗಳೆರಡೂ ಸೇರಿ ಇವರ ಸಂಖ್ಯೆಯು ಸುಮಾರು 16 ಸಾವಿರ. ಕಾಡಿನ ಬಳ್ಳಿಯಿಂದಲೂ ಬಿದಿರಿನಿಂದಲೂ ಬುಟ್ಟಿ ಹೆಣೆಯುವದು, ಡೋಲು ಬಾರಿಸುವದು ಇವರ ಪರಂಪರೆಯ ಕಸುಬುಗಳು. ಸುತ್ತಲಿನವರೊಡನೆ ತುಳುವನ್ನೋ ಕನ್ನಡವನ್ನೋ ಆಡುವ ಇವರಿಗೆ ತಮ್ಮದೇ ಆದ ಒಂದು ನುಡಿಯುಂಟು. ಅದು ದ್ರಾವಿಡ ಕುಲದ್ದು. ಕಿಟ್ಟೆಲರ ಕನ್ನಡ ನಿಘಂಟು ಹೊರಬಿದ್ದದ್ದು 1894ರಲ್ಲಿ. ಮ್ಯಾನರರ ತುಳು ನಿಘಂಟು ಅದಕ್ಕೂ ಮೊದಲು, 1886ರಲ್ಲಿ. ಅದೇ ನೆಲದ ಕೊರಗ ನುಡಿಯ ವಿಸ್ತಾರವಾದ ವ್ಯಾಕರಣವನ್ನು ಕಾಣಲು 1971ರ ವರೆಗೆ ಕಾಯಬೇಕಾಯಿತು, ಡಿ. ಎನ್. ಶಂಕರ ಭಟ್ಟರು ಆ ವರ್ಷ ಅದನ್ನು ಪ್ರಕಟಿಸಿದರು. ಅವರು ಈ ನುಡಿಯಲ್ಲಿ ಒಂಟಿ, ತಪ್ಪು, ಮುದು ಎಂಬ ಒಳಭೇದಗಳನ್ನು ಗುರುತಿಸಿದ್ದಲ್ಲದೆ, ದೂರದ ಉತ್ತರದ ಕುಡುಖ್, ಮಾಲ್ತೋ, ಬ್ರಾಹೂಯಿಗಳೊಡನೆ ಇದಕ್ಕೆ ನಂಟಿರಬಹುದೆಂದೂ ಸೂಚಿಸಿದರು. ಬೇರೆ ವಿದ್ವಾಂಸರು ಇದನ್ನು ಒಪ್ಪದೆ ತುಳುವಿನ ಹತ್ತಿರಕ್ಕೆ ತಂದರು. ವಿದ್ವಾಂಸರ ಈ ವಾದವು ತೀರಬೇಕಾದರೂ ನುಡಿಯು ಉಳಿದಿರಬೇಕು. ಈಗ ಯುನೆಸ್ಕೋ ಸಂಸ್ಥೆಯು ಅದನ್ನು ಅಪಾಯಕ್ಕೊಳಗಾದ ಭಾಷೆಗಳ ಸಾಲಿನಲ್ಲಿ ಎಣಿಸಿದೆ.

ಕೊರಗರು ಬಹುಕಾಲ ಪಟ್ಟ ಪಾಡನ್ನು ತಿಳಿಯದೆ ಅವರ ನುಡಿಯ ಮಾತನ್ನಾಡುವದು ಅರ್ಧ ಕಥೆಯನ್ನು ಹೇಳಿದಂತೆ. ಅಜಲು ಎಂಬ ಒಂದು ಪದ್ಧತಿಯಿತ್ತು. ಕೂದಲು ಉಗುರುಗಳನ್ನು ಬೆರೆಸಿದ ಅನ್ನವನ್ನು ಕೊರಗರಿಗೆ ಉಣ್ಣಿಸುವದು, ಕಂಬಳಕ್ಕೆ ಮೊದಲು ಕೋಣಗಳಂತೆ ಅವರನ್ನು ಗದ್ದೆಯಲ್ಲಿ ಓಡಿಸುವದು, ದುಡಿಸಿಕೊಂಡು ಕೂಲಿ ಕೊಡದಿರುವದು ಇವೆಲ್ಲ ಅದರಲ್ಲಿ ಸೇರಿದ್ದವು. ಕರ್ನಾಟಕ ಸರಕಾರವು ಇದನ್ನು ಕಾಯಿದೆಯಿಂದ ನಿಷೇಧಿಸಿದ್ದು 2000ದಲ್ಲಿ. ಸ್ವಾತಂತ್ರ್ಯವು ಬಂದು ಅರ್ಧ ಶತಮಾನವು ಕಳೆದ ಮೇಲೆ. ಇಂಥ ಸ್ಥಿತಿಯಲ್ಲಿದ್ದ ಒಬ್ಬ ಕೊರಗ ತಂದೆಯನ್ನು ನೆನೆಯಿರಿ. ಅವನ ಮಗನು ಶಾಲೆಗೆ ಹೋಗುತ್ತಾನೆ. ಬಾಯಿ ತೆರೆದು ಮನೆಮಾತಿನ ಒಂದು ಶಬ್ದವನ್ನಾಡಿದರೆ ಅವನು ಯಾರವನೆಂಬದು ಕ್ಷಣದಲ್ಲಿ ಬಯಲಾಗುವದು. ಆ ಶಬ್ದವನ್ನು ಮಗನಿಗೆ ಕಲಿಸದಿದ್ದರೆ ಅಷ್ಟರಮಟ್ಟಿಗಾದರೂ ಅವನು ಪಾರಾಗುವನು. ತಂದೆಯು ಕಲಿಸುವದಿಲ್ಲ. ಇವನು ಮಾತೃಭಾಷೆಗೆ ದ್ರೋಹ ಮಾಡಿದನೆಂದು ಹೇಳುವ ನಾಲಗೆಯು ಯಾವದು?

ಇಲ್ಲಿ ನಮ್ಮ ಸೀಮೆಯ ಅನುಭವವನ್ನೇ ಸ್ಮರಿಸುವದು ಉಚಿತವು. 1948ರ ಸೆಪ್ಟೆಂಬರದ ವರೆಗೆ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ತಾಲೂಕುಗಳು ಹೈದರಾಬಾದ ಸಂಸ್ಥಾನದಲ್ಲಿದ್ದವು. ಕಚೇರಿಯ ಭಾಷೆಯು ಉರ್ದು, ನ್ಯಾಯಾಲಯದ ಭಾಷೆಯು ಉರ್ದು. 1918ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಬೋಧನೆಯೂ ಉರ್ದುವಿನಲ್ಲಿಯೇ. ನೌಕರಿಯನ್ನು ಬಯಸಿದ ತಂದೆಯು ಮಗನನ್ನು ಉರ್ದು ಕಲಿಯಲು ಕಳಿಸಿದನು. ಆ ತಂದೆಯನ್ನು ನಾವು ಎಂದೂ ಹಳಿಯಲಿಲ್ಲ. ಉರ್ದುವನ್ನೂ ಹಳಿಯಬೇಕಾದದ್ದಿಲ್ಲ, ಅದು ಸೊಗಸಾದ ಭಾಷೆ, ನಮ್ಮ ನೆರೆಯ ಎಷ್ಟೋ ಮನೆಗಳ ತಾಯ್ನುಡಿ. ನಾವು ಹಳಿದದ್ದು, ಬಹುಜನರ ನುಡಿಗೆ ಕಚೇರಿಯ ಬಾಗಿಲನ್ನು ಮುಚ್ಚಿದ ವ್ಯವಸ್ಥೆಯನ್ನು. ಹೊಟ್ಟೆಗೂ ತಾಯ್ನುಡಿಗೂ ನಡುವೆ ಒಂದನ್ನೇ ಆರಿಸಿಕೋ ಎಂದು ಮನುಷ್ಯನನ್ನು ನಿಲ್ಲಿಸುವದು ಅನ್ಯಾಯವೆಂದು ಅಂದು ನಮ್ಮ ಹಿರಿಯರು ವಾದಿಸಿದರು. ಯಲಬುರ್ಗಾ ಸೀಮೆಯ ಕುಕನೂರಿನ ವಿದ್ಯಾನಂದ ಗುರುಕುಲದಂಥ ಸಂಸ್ಥೆಗಳು ಆ ಕಾಲದಲ್ಲಿ ನಡೆದು ಬಂದದ್ದನ್ನು ನಾವು ಇಂದಿಗೂ ಅಭಿಮಾನದಿಂದ ಹೇಳಿಕೊಳ್ಳುತ್ತೇವೆ.

ಆ ವಾದವು ಅಂದು ಸತ್ಯವಾಗಿದ್ದರೆ ಇಂದೂ ಸತ್ಯವು. ಈಗ ಕನ್ನಡವು ರಾಜ್ಯದ ಭಾಷೆ. 2011ರಲ್ಲಿ ಅದನ್ನು ತಾಯ್ನುಡಿಯೆಂದು ಹೇಳಿದವರು ಸುಮಾರು 4 ಕೋಟಿ 37 ಲಕ್ಷ. ಕಚೇರಿಯ ಬಾಗಿಲ ಒಳಗೆ ಈಗ ನಾವಿದ್ದೇವೆ. ಕೊರಗ ನುಡಿಯು ಹೊರಗೆ ನಿಂತಿದೆ. ಕೊಳ್ಳುವಾಗ ಒಂದು ಕೊಳಗ, ಕೊಡುವಾಗ ಒಂದು ಕೊಳಗ ಇಟ್ಟುಕೊಂಡ ವರ್ತಕನನ್ನು ಸಂತೆಯಲ್ಲಿ ಯಾರೂ ನಂಬುವದಿಲ್ಲ. ದೊಡ್ಡ ಮೀನು ಸಣ್ಣದನ್ನು ನುಂಗುವ ಮತ್ಸ್ಯನ್ಯಾಯವನ್ನು ನಮ್ಮ ಪೂರ್ವಿಕರು ಅರಾಜಕತೆಯ ಲಕ್ಷಣವೆಂದು ಕರೆದರು. ಆ ಮಾತನ್ನು ನಮಗಿಂತ ದೊಡ್ಡ ಮೀನನ್ನು ಕಂಡಾಗ ಮಾತ್ರ ನೆನೆಯುವದು ಧರ್ಮವಾಗಲಾರದು.

ಎಣಿಕೆಯ ವಿಷಯವನ್ನೂ ಇಲ್ಲಿ ಹೇಳತಕ್ಕದ್ದಿದೆ. ಗ್ರಿಯರ್ಸನ್ನರು 1894ರಿಂದ 1928ರ ವರೆಗೆ ನಡೆಸಿದ ಭಾರತೀಯ ಭಾಷಾಸಮೀಕ್ಷೆಯು ಮಹತ್ಕಾರ್ಯವೇ ಸರಿ. ಆದರೆ ಮದರಾಸು ಪ್ರಾಂತ, ಹೈದರಾಬಾದು, ಮೈಸೂರು ಸಂಸ್ಥಾನಗಳು ಅದರ ವ್ಯಾಪ್ತಿಯಿಂದ ಹೊರಗುಳಿದವು. ಎಂದರೆ ಕೊರಗರ ಕರಾವಳಿಯೂ ನಮ್ಮ ಈ ನಾಲ್ಕು ತಾಲೂಕುಗಳೂ ಅದರಲ್ಲಿ ಸೇರಲಿಲ್ಲ. 1961ರ ಜನಗಣತಿಯು 1652 ಮಾತೃಭಾಷೆಗಳನ್ನು ಹೆಸರಿಸಿತು. 1971ರಿಂದ ಹತ್ತು ಸಾವಿರಕ್ಕಿಂತ ಕಡಿಮೆ ಜನರಾಡುವ ನುಡಿಗಳ ಹೆಸರುಗಳು ಪ್ರಕಟವಾಗುವ ಪಟ್ಟಿಯಿಂದಲೇ ಬಿಟ್ಟುಹೋದವು. ದೊಡ್ಡವೆನ್ನಬಹುದಾದ ನುಡಿಗಳಿಗೂ ಪೂರ್ಣ ಮಾನವಿಲ್ಲ. 2011ರಲ್ಲಿ ಲಂಬಾಣಿಯನ್ನು ತಾಯ್ನುಡಿಯೆಂದು ಬರೆಸಿದ ಮೂವತ್ತು ಲಕ್ಷಕ್ಕೂ ಹೆಚ್ಚು ಜನರನ್ನು ಹಿಂದಿಯ ಲೆಕ್ಕಕ್ಕೆ ಸೇರಿಸಲಾಯಿತು. ಇದನ್ನು ಕೇಳಿ ನಾವು ತಲೆದೂಗುವೆವು. ಆದರೆ ನೀಲಗಿರಿಯ ಬಡಗರ ನುಡಿಯನ್ನು ಅದೇ ಗಣತಿಯು ಕನ್ನಡದ ಲೆಕ್ಕಕ್ಕೆ ಸೇರಿಸಿರುವದನ್ನು ಕೇಳಿದಾಗ ನಮ್ಮ ತಲೆಯು ಹಾಗೆಯೇ ಆಡುವದೋ ಎಂಬದನ್ನು ಪ್ರತಿಯೊಬ್ಬರೂ ತಮ್ಮಷ್ಟಕ್ಕೆ ನೋಡಿಕೊಳ್ಳಬೇಕು.

ಇದಕ್ಕೆ ಎರಡು ಆಕ್ಷೇಪಗಳುಂಟು. ನುಡಿಗಳು ಕಡಿಮೆಯಾದಷ್ಟೂ ಜನರಲ್ಲಿ ಐಕ್ಯವು ಹೆಚ್ಚುವದೆಂಬದು ಮೊದಲನೆಯದು. ಒಂದು ಸಾಮಾನ್ಯ ಭಾಷೆಯು ಬೇಕೆಂಬದು ನಿಜ. ಆದರೆ ಕೊರಗನು ಆ ಸಾಮಾನ್ಯ ಭಾಷೆಯನ್ನು ಆಗಲೇ ಕಲಿತಿದ್ದಾನೆ. ಎರಡು ಮೂರು ನುಡಿಗಳನ್ನು ಬಲ್ಲವನು ಅವನು. ಒಂದೇ ನುಡಿಯನ್ನು ಬಲ್ಲ ನೆರೆಯವನಿಗಾಗಿ ಅವನು ತನ್ನದನ್ನು ಮರೆಯಬೇಕೆಂಬದು ಐಕ್ಯವಾಗದು. ಗಂಗಾವತಿಯ ಪೇಟೆಯಲ್ಲಿ ಕನ್ನಡ, ತೆಲುಗು, ಉರ್ದುಗಳು ಒಂದೇ ಅಂಗಡಿಯ ಕಟ್ಟೆಯ ಮೇಲೆ ಕೂಡಿ ವ್ಯಾಪಾರ ಮಾಡುತ್ತಿರುವಾಗ ಈ ಆಕ್ಷೇಪಕ್ಕೆ ಉತ್ತರವನ್ನು ಹುಡುಕಲು ನಾವು ದೂರ ಹೋಗಬೇಕಾಗಿಲ್ಲ.

ಬಡವನಿಗೆ ಬೇಕಾದದ್ದು ಅನ್ನವೇ ಹೊರತು ನುಡಿಯಲ್ಲವೆಂಬದು ಎರಡನೆಯ ಆಕ್ಷೇಪ. ಇದು ಹೆಚ್ಚು ಗಂಭೀರವಾದದ್ದು, ಮತ್ತು ಇದರಲ್ಲಿ ಬಹುಪಾಲು ಸತ್ಯವಿದೆ. ತಮ್ಮ ಮಕ್ಕಳನ್ನು ಇಂಗ್ಲಿಷ್ ಶಾಲೆಗೆ ಕಳಿಸಿ, ಕೊರಗನ ಮಗನು ಮಾತ್ರ ಬುಟ್ಟಿ ಹೆಣೆಯುತ್ತ ತನ್ನ ನುಡಿಯನ್ನು ಕಾಯಲಿ ಎನ್ನುವ ಸುಶಿಕ್ಷಿತರ ಭಾಷಾಪ್ರೇಮವು ಅಜಲಿನದೇ ಇನ್ನೊಂದು ರೂಪವು. ಮತ್ತೊಬ್ಬನ ನುಡಿಯು ನಮ್ಮ ಕುತೂಹಲದ ವಸ್ತುಸಂಗ್ರಹಾಲಯವಲ್ಲ. ಆದುದರಿಂದ ನುಡಿಯನ್ನು ಉಳಿಸುವ ಭಾರವನ್ನು ಅದನ್ನಾಡುವ ಬಡವನ ತಲೆಯ ಮೇಲೆ ಹೊರಿಸಲಾಗದೆಂಬದನ್ನು ನಾವು ಮೊದಲೇ ಒಪ್ಪಿಬಿಡಬೇಕು. ಆದರೆ ಒಂದು ಮಾತು. ಅನ್ನ ಬೇಕೋ ನುಡಿ ಬೇಕೋ ಎಂಬ ಪ್ರಶ್ನೆಯನ್ನು ಕೊರಗನು ತಾನಾಗಿ ಹಾಕಿಕೊಂಡದ್ದಲ್ಲ. ನಮಗಾರಿಗೂ ಆ ಪ್ರಶ್ನೆಯನ್ನು ಯಾರೂ ಹಾಕುವದಿಲ್ಲ. ನಾವು ಕನ್ನಡವನ್ನಾಡುತ್ತಲೇ ಉಣ್ಣುತ್ತೇವೆ. ಆ ಪ್ರಶ್ನೆಯನ್ನು ಹುಟ್ಟಿಸಿದವರು ಯಾರೋ, ಉತ್ತರದ ಹೊಣೆಯೂ ಅವರದೇ ಎಂಬದು ನ್ಯಾಯವು.

ಹಾಗಾದರೆ ನೆರೆಯವರು ಮಾಡತಕ್ಕದ್ದೇನು? ಬರೆದಿಡುವದು, ಧ್ವನಿಮುದ್ರಿಸುವದು, ನಿಘಂಟು ಮಾಡುವದು ಎಂದು ವಿದ್ವಾಂಸರು ಕೂಡಲೇ ಹೇಳುವರು. ಇವು ಒಳ್ಳೆಯ ಕೆಲಸಗಳೇ. ಆದರೂ ಇಲ್ಲಿ ಒಂದು ಸೂಕ್ಷ್ಮವುಂಟು. ಕೊರಗರು ತಮ್ಮ ನುಡಿಯನ್ನು ಹೊರಗಿನವರೆದುರಿಗೆ ಸಾಮಾನ್ಯವಾಗಿ ಆಡಿದವರಲ್ಲ. ಧಣಿಯು ಅವರ ದುಡಿಮೆಯನ್ನು ಕೊಂಡನು, ಹಾಡಿಯನ್ನು ಹೊಕ್ಕನು, ತಟ್ಟೆಗೂ ಕೈ ಹಾಕಿದನು. ಅವನು ಹೊಗಲಾರದೆ ಉಳಿದ ಒಂದೇ ಮನೆಯು ಆ ನುಡಿಯಾಗಿತ್ತು. ಅದರ ಬಾಗಿಲನ್ನು ತಟ್ಟದೆ ಒಳಗೆ ಹೋಗುವ ಅಧಿಕಾರವು ಜ್ಞಾನದಾಹಕ್ಕೂ ಇಲ್ಲ. ಅವರ ಸಮ್ಮತಿಯಿಂದ ಬರೆದದ್ದು ಅವರ ಮಕ್ಕಳ ಕೈಗೆ ಮೊದಲು ಹೋಗತಕ್ಕದ್ದು, ಗ್ರಂಥಾಲಯದ ಕಪಾಟಿಗೆ ಆಮೇಲೆ.

ಅದೂ ಅಲ್ಲದೆ, ಬರೆದಿಟ್ಟ ನುಡಿಯು ಉಳಿದ ನುಡಿಯಾಗದು. ಅಂಡಮಾನಿನಲ್ಲಿ ಬೋ ನುಡಿಯನ್ನು ಬಲ್ಲ ಕೊನೆಯ ಮುದುಕಿಯು 2010ರ ಜನವರಿಯಲ್ಲಿ ತೀರಿಕೊಂಡಳು. ಅವಳ ಮಾತುಗಳನ್ನು ವಿದ್ವಾಂಸರು ಮುದ್ರಿಸಿಕೊಂಡಿದ್ದರು. ಆದರೆ ಮಾತಿಗೆ ಮಾತು ಕೊಡುವ ಎರಡನೆಯವರಿಲ್ಲದೆ ಅವಳ ಕೊನೆಯ ವರುಷಗಳು ಕಳೆದಿದ್ದವು. ಮಾತಿಗೆ ಇಬ್ಬರು ಬೇಕು. ಇದನ್ನರಿತೇ ನ್ಯೂಜಿಲಂಡಿನ ಮಾವೋರಿಗಳು 1982ರಲ್ಲಿ ಅಜ್ಜಿಯರನ್ನೂ ಕೂಸುಗಳನ್ನೂ ಒಂದೆಡೆ ಕೂಡಿಸಿ, ಆಟದ ಮನೆಯಲ್ಲಿ ತಮ್ಮ ನುಡಿಯೊಂದನ್ನೇ ಆಡುವ ಏರ್ಪಾಡನ್ನು ಮಾಡಿದರು. ಆ ಕೆಲಸವನ್ನು ಆರಂಭಿಸಿದವರು ನುಡಿಯ ಒಡೆಯರೇ. ಸರಕಾರದ ಕೆಲಸವು ಅವರಿಗೆ ಬೆಂಬಲವಾಗಿ ನಿಲ್ಲುವದಾಗಿತ್ತು. 1987ರಲ್ಲಿ ಅಲ್ಲಿಯ ಕಾಯಿದೆಯು ಮಾವೋರಿಯನ್ನು ಅಧಿಕೃತ ಭಾಷೆಯನ್ನಾಗಿ ಮಾಡಿತು.

ನಮ್ಮಲ್ಲಿಯೂ ಕಾಯಿದೆಗೆ ಕೊರತೆಯಿಲ್ಲ. ಯಾವ ಜನಭಾಗಕ್ಕೇ ಆಗಲಿ ತನ್ನ ನುಡಿಯನ್ನು ಕಾದುಕೊಳ್ಳುವ ಹಕ್ಕನ್ನು ಸಂವಿಧಾನದ 29ನೆಯ ಅನುಚ್ಛೇದವು ಕೊಟ್ಟಿದೆ. ಅಲ್ಪಸಂಖ್ಯಾತ ಭಾಷೆಯ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಮೂಲಕ ಕಲಿಯುವ ಅನುಕೂಲತೆ ಇರಬೇಕೆಂದು 1956ರಲ್ಲಿ ಸೇರಿಸಿದ 350ಎ ಅನುಚ್ಛೇದವು ಹೇಳುತ್ತದೆ. ಕಾಯಿದೆಯು ಶಾಲೆಯ ಬಾಗಿಲಿನ ವರೆಗೆ ಬರಬಲ್ಲುದು. ಒಳಗೆ ಹುಡುಗನು ಬಾಯಿ ತೆರೆದಾಗ ಉಳಿದವರು ನಗುವರೋ ಕೇಳುವರೋ ಎಂಬದನ್ನು ಅದು ನಿರ್ಣಯಿಸಲಾರದು. ಅದು ನೆರೆಯವರ ಕೈಯಲ್ಲಿರುವದು.

ಕೊರಗರು ದೂರದ ಕರಾವಳಿಯವರು, ನಮಗೂ ಅವರಿಗೂ ಏನು ಸಂಬಂಧ ಎಂದು ಯಾರಾದರೂ ಕೇಳಿದರೆ ಅವರು ತಮ್ಮ ಊರನ್ನೇ ಒಮ್ಮೆ ನೋಡಬೇಕು. ನಮ್ಮ ಜಿಲ್ಲೆಯ ತಾಂಡಾಗಳಿಂದ ಲಂಬಾಣಿ ಮಕ್ಕಳು ಕನ್ನಡ ಶಾಲೆಗೆ ಬರುತ್ತಾರೆ. ಬುಟ್ಟಿ ಹೆಣೆದು ಮಾರುವ, ಮದುವೆಯಲ್ಲಿ ವಾದ್ಯ ನುಡಿಸುವ ಕೊರವರ ಮನೆಗಳಲ್ಲಿ ತಮಿಳಿಗೆ ಹತ್ತಿರವಾದ ಒಂದು ನುಡಿಯಿದೆ. ಪೀಳಿಗೆಗಳಿಂದ ಅದನ್ನು ಕೇಳುತ್ತ ಬಂದರೂ ಅದಕ್ಕೊಂದು ಹೆಸರಿರಬಹುದೆಂದು ನಾವು ವಿಚಾರಿಸಿದವರಲ್ಲ. ಆ ಮಗುವು ಮೊದಲ ದಿನ ತಿಳಿಯದೆ ಸುಮ್ಮನೆ ಕುಳಿತರೆ ಅದನ್ನು ದಡ್ಡತನವೆಂದು ಬರೆದುಕೊಳ್ಳುವದು ಸುಲಭ. ಶಿಕ್ಷಕರು ಆ ನುಡಿಯ ಹತ್ತು ಶಬ್ದಗಳನ್ನು ಕಲಿತು, ನೀರಿಗೆ ನಿಮ್ಮ ಮನೆಯಲ್ಲಿ ಏನನ್ನುತ್ತೀರಿ ಎಂದು ಎಲ್ಲರೆದುರಿಗೆ ಪ್ರೀತಿಯಿಂದ ಕೇಳಿದರೆ, ಆ ಒಂದು ಪ್ರಶ್ನೆಯಿಂದ ನಡೆಯುವ ಕೆಲಸವು ದೊಡ್ಡದು. ಇದಕ್ಕೆ ಹಣ ಬೇಡ, ಸರಕಾರದ ಅಪ್ಪಣೆಯೂ ಬೇಡ. ಮನೆಯಂಗಳದಲ್ಲಿ ಮಕ್ಕಳು ಆಡುವಾಗ ಒಂದು ಪಂಗಡದ ನುಡಿಯನ್ನು ಅಣಕಿಸಿ ನಕ್ಕರೆ ಹಿರಿಯರು ಅದನ್ನು ಕೇಳಿಯೂ ಕೇಳದಂತಿರುವದುಂಟು. ನುಡಿಯ ಮಾನವು ಹೋಗುವದು ಇಂಥ ಸಣ್ಣ ಎಡೆಗಳಲ್ಲಿ. ಅದನ್ನು ಮರಳಿ ಕೊಡುವದೂ ಅಲ್ಲಿಯೇ ಸಾಧ್ಯವು.

ಇಷ್ಟೆಲ್ಲ ಮಾಡಿದ ಮೇಲೂ ಒಂದು ಸಣ್ಣ ನುಡಿಯು ಅಳಿಯಬಹುದು. ಹೊಟ್ಟೆ ತುಂಬ ಉಂಡು, ತಲೆಯೆತ್ತಿ ನಡೆದು, ಯಾರ ನಗೆಗೂ ಅಂಜದೆ ಬಾಳುವ ಜನರು, ತಮ್ಮ ಹಿರಿಯರ ನುಡಿಯನ್ನು ತಾವಾಗಿಯೇ ಬಿಟ್ಟು ಬೇರೊಂದನ್ನು ಆರಿಸಿಕೊಂಡರೆ, ಅವರನ್ನು ತಡೆಯುವ ಅಧಿಕಾರವು ಯಾರಿಗೂ ಇಲ್ಲ. ಅಂದು ನಾವು ಅಳಬಹುದು. ಅದು ದುಃಖವೇ ಸರಿ, ದೋಷವಲ್ಲ. ಆದರೆ ನಾಚಿಕೆಯಿಂದ ಬಿಟ್ಟ ನುಡಿಗೆ ಈ ಮಾತು ಸಲ್ಲದು. ನಾಚಿಕೆಯು ಯಾರ ಹೊಟ್ಟೆಯಲ್ಲಿಯೂ ತಾನಾಗಿ ಹುಟ್ಟುವದಿಲ್ಲ. ಮತ್ತೊಬ್ಬರ ಕಣ್ಣಿನಿಂದ ಬರುವದು. ಆ ಕಣ್ಣು ನಮ್ಮದಾಗಿರುವ ವರೆಗೆ ದೋಷವೂ ನಮ್ಮದು. ಒಂದು ನುಡಿಯನ್ನು ಆಡಿರೆಂದು ಅಪ್ಪಣೆ ಮಾಡುವದು ನೆರೆಯವರ ಧರ್ಮದಲ್ಲಿ ಸೇರಿಲ್ಲ. ಅದನ್ನಾಡುವವನು ನಮ್ಮೆದುರಿಗೆ ದನಿ ತಗ್ಗಿಸದಂತೆ ನಡೆದುಕೊಳ್ಳುವದು ಸೇರಿದೆ. ಕನ್ನಡದ ತಿರುಳೆಂದು ಹೆಸರಾದ ಸೀಮೆಯ ಜನರಿಗೆ ಇಷ್ಟು ಔದಾರ್ಯವು ಕಷ್ಟವಾಗಬಾರದು.